ರಜೆಯಲ್ಲಿ ಕಾಣದ ಎರ್ಮಾಳು

ಪ್ರತಿ ವರುಷ ಏಪ್ರಿಲ್ ತಿಂಗಳಲ್ಲಿ ಪರೀಕ್ಷೆಗಳು ಮುಗಿದು ಶಾಲೆಯ ಬಾಗಿಲು ಮುಚ್ಚಿದ ಕೂಡಲೆ, ಮುಂಬಯಿ ಬೆಂಗಳೂರುಗಳಿಂದಲೂ ಪರದೇಶಗಳಿಂದಲೂ ನಮ್ಮ ಪೂರ್ವ ವಿದ್ಯಾರ್ಥಿನಿಯರು ಮಕ್ಕಳನ್ನು ಕರಕೊಂಡು ತವರಿಗೆ ಬರುವದು ವಾಡಿಕೆ. ಹಾಗೆ ಬಂದವರು ಒಂದು ಸಾಯಂಕಾಲ ಶಾಲೆಯ ಕಡೆಗೂ ಹಾದು, ತಾವು ಕೂತ ಬೆಂಚನ್ನು ಮಕ್ಕಳಿಗೆ ತೋರಿಸಿ, ನಮ್ಮೊಡನೆ ನಾಲ್ಕು ಮಾತಾಡಿ ಹೋಗುತ್ತಾರೆ. ಅವರ ಬಾಯಲ್ಲಿ ಆಗ ಇರುವದು ಕಡಲಕರೆಯ ಸುದ್ದಿಯೇ. ಕಾಪುವಿನ ದೀಪಸ್ತಂಭ, ಪಡುಬಿದ್ರಿಯ ಹೊಯಿಗೆ, ಎರ್ಮಾಳಿನ ತೆಂಗಿನ ಸಾಲು, ಇವುಗಳನ್ನು ಕಂಡ ಮಕ್ಕಳು ಊರೆಂದರೆ ಇದೇ ಎಂದು ತಿಳಿದು ಹಿಂದಿರುಗುತ್ತಾರೆ.

ಕೆಲವು ವರುಷಗಳ ಹಿಂದೆ ಹೀಗೆ ಬಂದ ಪೂರ್ವ ವಿದ್ಯಾರ್ಥಿನಿಯೊಬ್ಬಳು ನಮ್ಮೊಡನೆ, "ಟೀಚರ್, ಎರ್ಮಾಳಿನಲ್ಲಿ ಕಡಲಿಗೆ ತಾಗಿದ ಹಾಗೆ ಒಂದು ಹಿತ್ತಿಲು ನೋಡಿದ್ದೇವೆ. ನೂರು ಹೆಜ್ಜೆ ಹೊಯಿಗೆ ದಾಟಿದರೆ ನೀರು. ಮಕ್ಕಳ ರಜೆಗೆಂದು ಅಲ್ಲೊಂದು ಮನೆ ಕಟ್ಟಿಸುವ ಮನಸ್ಸಾಗಿದೆ" ಎಂದಳು. ಜೊತೆಯಲ್ಲಿದ್ದ ಅವಳ ತಾಯಿಯು, "ಆಟಿಯಲ್ಲೊಮ್ಮೆ ಬಂದು ನೋಡು ಮಗಾ; ಆ ಮೇಲೆ ಕಟ್ಟುವ ಮಾತು" ಎಂದು ಮೆಲ್ಲನೆ ಹೇಳಿದರು. ಈ ಲೇಖನಕ್ಕೆ ಆ ತಾಯಿಯ ಮಾತೇ ಕಾರಣ. ರಜೆಗೆ ಬರುವವರು ಈ ಕರಾವಳಿಯ ವರುಷದಲ್ಲಿ ಒಂದೂವರೆ ತಿಂಗಳನ್ನು ಮಾತ್ರ ಕಾಣುತ್ತಾರೆ. ಮಿಕ್ಕ ತಿಂಗಳುಗಳನ್ನು ಅರಿಯದೆ ಆ ಒಂದೂವರೆ ತಿಂಗಳು ಸಹ ಅರ್ಥವಾಗಲಾರದೆಂದು ನಾವು ತಿಳಿಯುತ್ತೇವೆ.

ಎರ್ಮಾಳು ಉಡುಪಿಯಿಂದ ದಕ್ಷಿಣಕ್ಕೆ ಸುಮಾರು ೨೦ ಕಿಲೋಮೀಟರು ದೂರದಲ್ಲಿ, ಉಚ್ಚಿಲ ಪಡುಬಿದ್ರಿಗಳ ನಡುವೆ ಇದೆ. ಬಡಗಣ ಪಾಲಿಗೆ ಬಡಾ ಎಂದೂ ತೆಂಕಣ ಪಾಲಿಗೆ ತೆಂಕ ಎಂದೂ ಹೆಸರು. ಪೂರ್ವದಲ್ಲಿ ರಾಷ್ಟ್ರೀಯ ಹೆದ್ದಾರಿಯು, ಪಶ್ಚಿಮದಲ್ಲಿ ಕಡಲು. ಇವೆರಡರ ನಡುವಣ ಕಿರಿದಾದ ಪಟ್ಟಿಯಲ್ಲಿ ಗದ್ದೆ, ತೋಟ, ಮನೆ, ದೋಣಿ ಎಲ್ಲವೂ ಅಡಗಿವೆ. ನಮ್ಮ ಪೂರ್ವ ವಿದ್ಯಾರ್ಥಿನಿಯರಲ್ಲಿ ಹಿರಿಯರು ಇದನ್ನು ದಕ್ಷಿಣ ಕನ್ನಡ ಜಿಲ್ಲೆಯ ಊರಾಗಿ ಅರಿತವರು. ೧೯೯೭ರಲ್ಲಿ ಉಡುಪಿ ಜಿಲ್ಲೆಯು ಬೇರೆಯಾಯಿತು. ಬಳಿಕ ಕಾಪು ತಾಲೂಕು ಆದ ಮೇಲೆ ಎರ್ಮಾಳು ಅದಕ್ಕೆ ಸೇರಿತು.

ಊರು ಚಿಕ್ಕದಾದರೂ ಅದರ ಹೆಸರು ತುಳುನಾಡಿನ ಗಾದೆಯೊಂದರಲ್ಲಿ ಸೇರಿಕೊಂಡಿದೆ. "ಎರ್ಮಾಳ್ ಜಪ್ಪು, ಖಂಡೇವು ಅಡೆಪು" ಎಂಬದೇ ಆ ಗಾದೆ. ಜಪ್ಪು ಎಂದರೆ ಇಳಿಯುವದು, ಅಡೆಪು ಎಂದರೆ ಮುಚ್ಚುವದು. ಎರ್ಮಾಳಿನ ಜನಾರ್ದನ ದೇವಸ್ಥಾನದ ಉತ್ಸವದಿಂದ ಈ ಸೀಮೆಯ ಜಾತ್ರೆಗಳ ಕಾಲವು ಮೊದಲಾಗುವದೆಂದೂ, ಮೂಲ್ಕಿಯಾಚೆ ಚೇಳಾಯರಿನ ಖಂಡಿಗೆಯ ಮೀನಿನ ಜಾತ್ರೆಯಿಂದ ಅದು ಮುಚ್ಚುವದೆಂದೂ ಇದರ ತಾತ್ಪರ್ಯ. ಪಂಚಾಂಗವನ್ನು ಓದಲರಿಯದ ಕಾಲದ ಜನರು ಇಡೀ ವರುಷವನ್ನು ನಾಲ್ಕೇ ಶಬ್ದಗಳಲ್ಲಿ ಎರಡು ಪಾಲು ಮಾಡಿ ಇಟ್ಟುಕೊಂಡರು. ಒಂದು ತೆರೆದ ಪಾಲು, ಇನ್ನೊಂದು ಮುಚ್ಚಿದ ಪಾಲು.

ಮೊದಲು ತೆರೆದ ಪಾಲನ್ನು ನೋಡುವ. ಮಳೆಯು ನಿಂತು, ಏಣಿಲು ಬೆಳೆಯು ಮನೆಗೆ ಬಂದು, ಗದ್ದೆಯ ದಾರಿಯು ಒಣಗಿದ ಮೇಲೆ ಜನರಿಗೆ ಕಾಲಿಗೂ ಕೈಗೂ ಬಿಡುವು ಸಿಗುತ್ತದೆ. ಯಕ್ಷಗಾನದ ಮೇಳಗಳು ನವಂಬರದಲ್ಲಿ ತಿರುಗಾಟಕ್ಕೆ ಹೊರಡುತ್ತವೆ. ಕಂಬಳದ ಗದ್ದೆಗಳಲ್ಲಿ ಕೋಣಗಳ ಓಟವು ಮೊದಲಾಗಿ ಮಾರ್ಚಿನ ತನಕ ನಡೆಯುತ್ತದೆ. ೨೦೧೪ರಲ್ಲಿ ನ್ಯಾಯಾಲಯದ ತೀರ್ಪಿನಿಂದ ಇದಕ್ಕೆ ತಡೆ ಬಂದು, ರಾಜ್ಯದ ತಿದ್ದುಪಡಿಯ ಕಾನೂನನ್ನು ೨೦೨೩ರಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿದದ್ದನ್ನು ವಾಚಕರು ಬಲ್ಲರು. ಜನವರಿಯಲ್ಲಿ ಕಾರ್ಕಳದ ಅತ್ತೂರಿನ ಸಂತ ಲಾರೆನ್ಸರ ದೇವಾಲಯದ ವಾರ್ಷಿಕ ಮಹೋತ್ಸವಕ್ಕೆ ಎಲ್ಲ ಮತಗಳ ಜನರೂ ಹೋಗುತ್ತಾರೆ. ಆ ದೇವಾಲಯಕ್ಕೆ ೨೦೧೬ರಲ್ಲಿ ಬಸಿಲಿಕದ ಪದವಿಯು ದೊರಕಿತು. ಪಡುಬಿದ್ರಿಯಲ್ಲಿ ಎರಡು ವರುಷಗಳಿಗೊಮ್ಮೆ ಢಕ್ಕೆಬಲಿಯ ಸೇವೆಗಳು ನಡೆಯುತ್ತವೆ. ಮಾರ್ಚಿನಲ್ಲಿ ಕಾಪುವಿನ ಮಾರಿಗುಡಿಗಳಲ್ಲಿ ಸುಗ್ಗಿಯ ಪೂಜೆ. ಇದೇ ಪೂಜೆಯು ಆಟಿಯಲ್ಲಿಯೂ ಜಾರ್ದೆಯಲ್ಲಿಯೂ ಮತ್ತೆರಡು ಸಲ ಆಗುವದು.

ಇಷ್ಟು ಉತ್ಸವಗಳಿಗೆ ಹೂವು ಬೇಡವೇ? ಅದನ್ನು ಒದಗಿಸುವ ಊರು ಸಮೀಪದ ಶಂಕರಪುರ. ಅಲ್ಲಿಯ ಮಲ್ಲಿಗೆಯು ಉಡುಪಿ ಮಲ್ಲಿಗೆ ಎಂಬ ಹೆಸರಿನಿಂದ ದೂರದವರೆಗೂ ಹೋಗುತ್ತದೆ. ಗಿಡಗಳನ್ನು ಸಾಕುವವರಲ್ಲಿ ಕ್ರೈಸ್ತ ಮನೆಗಳವರು ಅನೇಕರು. ಕೊಯ್ದು ಕಟ್ಟುವ ಕೆಲಸವೆಲ್ಲ ಬಹುಮಟ್ಟಿಗೆ ಹೆಂಗಸರದೇ. ಸುಮಾರು ೮೦೦ ಮೊಗ್ಗುಗಳಿಗೆ ಒಂದು ಚೆಂಡು, ನಾಲ್ಕು ಚೆಂಡುಗಳಿಗೆ ಒಂದು ಅಟ್ಟೆ ಎಂಬ ಲೆಕ್ಕ. ಬೇಸಗೆಯಲ್ಲಿ ಹೂವು ಹೇರಳ, ಆದಕಾರಣ ಕ್ರಯ ಇಳಿಯುವದು. ಚಳಿಗಾಲದಲ್ಲಿ ಹೂವು ವಿರಳ, ಮದುವೆ ಜಾತ್ರೆಗಳು ಬಹಳ, ಆದಕಾರಣ ಕ್ರಯವು ಏರುವದು. ನಸುಕಿನಲ್ಲಿ ಎದ್ದು ತಾಯಿಯೊಡನೆ ಮೊಗ್ಗು ಕೊಯ್ದು, ಕೈಯಲ್ಲಿ ಅದರ ಪರಿಮಳವನ್ನು ಇಟ್ಟುಕೊಂಡೇ ತರಗತಿಗೆ ಬಂದ ಹುಡುಗಿಯರನ್ನು ನಾವು ಕಂಡಿದ್ದೇವೆ. ಅವರ ಶುಲ್ಕವೂ ಪುಸ್ತಕವೂ ಆ ಚೆಂಡುಗಳಿಂದಲೇ ಬಂದವು.

ಕಡಲಿನ ಸುಗ್ಗಿಯೂ ಇದೇ ತೆರೆದ ಪಾಲಿನಲ್ಲಿ ಉಂಟು. ಹಿಂದೆ ರಂಪಣಿ ಎಂಬ ದೊಡ್ಡ ಬಲೆಯನ್ನು ದೋಣಿಯಿಂದ ಕಡಲಿನಲ್ಲಿ ಅರ್ಧಚಂದ್ರಾಕಾರವಾಗಿ ಹರಡಿ, ಅದರ ಎರಡು ತುದಿಗಳನ್ನೂ ದಡದಲ್ಲಿ ನಿಂತ ಹತ್ತಾರು ಜನರು ಒಟ್ಟಾಗಿ ಎಳೆಯುತ್ತಿದ್ದರು. ಬಲೆ ಒಬ್ಬನದಲ್ಲ, ಗುಂಪಿನದು. ಮೀನನ್ನು ಪಾಲುಗಳಾಗಿ ಹಂಚಿಕೊಳ್ಳುವ ಕ್ರಮವಿತ್ತು. ೧೯೭೦ರ ದಶಕದ ಉತ್ತರಾರ್ಧದಲ್ಲಿ ಯಂತ್ರದ ದೋಣಿಗಳ ಪರ್ಸೀನ್ ಬಲೆಗಳು ಬಂದು, ಬೂತಾಯಿ ಬಂಗುಡೆಗಳ ಹಿಂಡುಗಳನ್ನು ದಡಕ್ಕೆ ಬರುವ ಮೊದಲೇ ಸುತ್ತಿ ಹಿಡಿಯತೊಡಗಿದ್ದರಿಂದ ರಂಪಣಿಯು ಕೆಲವೇ ವರುಷಗಳಲ್ಲಿ ಇಲ್ಲವಾಯಿತು. ಅದರ ಚಿಕ್ಕ ರೂಪವಾದ ಕೈರಂಪಣಿಯು ಮಾತ್ರ ಈ ತೀರದಲ್ಲಿ ಇನ್ನೂ ಉಳಿದಿದೆ. ರಜೆಗೆ ಬಂದ ಮಕ್ಕಳು ದಡದಲ್ಲಿ ಹಗ್ಗ ಎಳೆಯುವ ಜನರನ್ನು ಕಂಡರೆ, ಅದು ಒಂದು ದೊಡ್ಡ ಪದ್ಧತಿಯ ಉಳಿಕೆಯೆಂದು ತಾಯಂದಿರು ತಿಳಿಸತಕ್ಕದ್ದು.

ಏಪ್ರಿಲ್ ನಡುವೆ ಬಿಸು ಹಬ್ಬದಿಂದ ತುಳುವರ ಹೊಸ ವರುಷ. ಪಗ್ಗು, ಬೇಶ, ಕಾರ್ತೆಲ್, ಆಟಿ, ಸೋಣ ಎಂದು ಮೊದಲಾಗುವ ಸೌರಮಾನದ ಹನ್ನೆರಡು ತಿಂಗಳುಗಳನ್ನು ಲೆಕ್ಕ ಹಿಡಿಯುವದು ಇಲ್ಲಿಂದಲೇ. ಪಗ್ಗು ಮುಗಿಯುವಾಗ, ಮೇ ತಿಂಗಳ ನಡುವಿನಲ್ಲಿ, ಖಂಡೇವಿನ ಜಾತ್ರೆ ಬರುವದು. ನಂದಿನಿ ಹೊಳೆಗೆ ಪ್ರಸಾದವನ್ನು ಹಾಕಿದ ಮೇಲೆ, ಕಾದು ನಿಂತ ಜನರೆಲ್ಲ ಬಲೆ ಬುಟ್ಟಿಗಳನ್ನು ಹಿಡಿದು ಒಮ್ಮೆಲೆ ನೀರಿಗೆ ಇಳಿದು ಮೀನು ಹಿಡಿಯುತ್ತಾರೆ. ಬೇಶದ ಹತ್ತನೆಯ ದಿನ, ಅಂದರೆ ಮೇ ೨೪ರ ಸುಮಾರಿಗೆ, ಪತ್ತನಾಜೆ. ಅಂದು ಮೇಳದ ವೇಷಧಾರಿಗಳು ಗೆಜ್ಜೆ ಬಿಚ್ಚುತ್ತಾರೆ, ನೇಮ ಕೋಲಗಳು ನಿಲ್ಲುತ್ತವೆ. ಪತ್ತನಾಜೆಗೆ ಹತ್ತು ಹನಿಯಾದರೂ ಮಳೆ ಬೀಳಬೇಕೆಂಬದು ಹಿರಿಯರ ಮಾತು. ರಜೆಗೆ ಬಂದವರು ಹಿಂದಿರುಗುವದೂ ಆಗಲೇ. ಬಾಗಿಲು ಮುಚ್ಚುವ ಹೊತ್ತಿಗೆ ಅವರು ಹೊರಗಿರುತ್ತಾರೆ. ಒಳಗೆ ಏನಾಗುವದೆಂದು ಅವರು ನೋಡುವದಿಲ್ಲ.

ಈ ಬಾಗಿಲನ್ನು ಮುಚ್ಚುವದಕ್ಕೆ ಕಾರಣವೇನು? ಕೇವಲ ಆಚಾರವಲ್ಲ. ಉಡುಪಿ ಸೀಮೆಯಲ್ಲಿ ವರುಷಕ್ಕೆ ಸುಮಾರು ೪,೦೦೦ ಮಿಲಿಮೀಟರು ಮಳೆ ಸುರಿಯುವದು. ಅದರ ಬಹುಪಾಲು ಜೂನಿನಿಂದ ಸೆಪ್ಟಂಬರದ ತನಕ ಬರುವದು. ಆಗ ಬಯಲಿನಲ್ಲಿ ಜಾತ್ರೆ ಆಗದು, ಆಟ ಆಗದು. ಅದಕ್ಕಿಂತ ಮುಖ್ಯವಾಗಿ, ಗದ್ದೆಗೆ ಎಲ್ಲ ಕೈಗಳೂ ಬೇಕು. ಹಿಂದಿನ ಕಾಲದಲ್ಲಿ ಹಡಗುಗಳ ಸಂಚಾರವೂ ಈ ತೀರದಲ್ಲಿ ಮಳೆಗಾಲಕ್ಕೆ ನಿಲ್ಲುತ್ತಿತ್ತು. ಬಾಸೆಲ್ ಮಿಶನಿನ ಮೊದಲ ಮೂವರು ಪಾದ್ರಿಗಳು ಮಂಗಳೂರಿಗೆ ಬಂದದ್ದು ಸಹ ಮಳೆ ಕಳೆದ ಮೇಲೆಯೇ, ೧೮೩೪ರ ಅಕ್ಟೋಬರದಲ್ಲಿ.

ಈಗ ಕಡಲಿಗೆ ಸರಕಾರದ ಬೀಗವೂ ಉಂಟು. ಜೂನ್ ೧ರಿಂದ ಜುಲಾಯಿ ೩೧ರ ತನಕ ೬೧ ದಿವಸ ಯಂತ್ರದ ದೋಣಿಗಳು ಮೀನು ಹಿಡಿಯಲಾಗದು. ಅನೇಕ ಜಾತಿಯ ಮೀನುಗಳು ಮೊಟ್ಟೆಯಿಡುವ ಕಾಲ ಇದು; ತಾಯಿಮೀನನ್ನು ಬಿಟ್ಟರೆ ಮುಂದೆ ಮರಿಗಳು ಸಿಕ್ಕುವವು. ಅಲ್ಲದೆ ಮುಂಗಾರಿನ ಗಾಳಿಯ ನಿಮಿತ್ತ ಆಳದ ತಣ್ಣೀರು ಮೇಲಕ್ಕೆ ಬಂದು, ಅದರೊಡನೆ ಸತ್ವವೂ ಬಂದು, ಕಣ್ಣಿಗೆ ಕಾಣದ ಸೂಕ್ಷ್ಮ ಸಸ್ಯಗಳು ನೀರಿನಲ್ಲಿ ಹೆಚ್ಚುತ್ತವೆ. ಅದನ್ನು ತಿನ್ನುವದಕ್ಕಾಗಿಯೇ ಬೂತಾಯಿಯ ಹಿಂಡುಗಳು ಮಳೆಯ ಕಡೆಯಲ್ಲಿ ದಡದತ್ತ ಬರುವವು. ಆದುದರಿಂದ ಮುಚ್ಚಿದ ತಿಂಗಳು ಬರಿದಾದ ತಿಂಗಳಲ್ಲ. ತೆರೆದ ತಿಂಗಳುಗಳ ಊಟವು ಸಿದ್ಧವಾಗುವದು ಇಲ್ಲಿಯೇ.

ಆದರೆ ಸಿದ್ಧವಾಗುವ ತನಕ ಮನೆಯವರು ತಿನ್ನುವದೇನು? ಸಣ್ಣ ಯಂತ್ರವಿರುವ ನಾಡದೋಣಿಗಳಿಗೆ ಈ ದಿನಗಳಲ್ಲಿಯೂ ಅಪ್ಪಣೆಯುಂಟು. ಅವರು ತೂಫಾನನ್ನು ಕಾಯುತ್ತಾರೆ. ದೊಡ್ಡ ಗಾಳಿಗೆ ಕಡಲು ಕದಡಿ, ಆ ಮೇಲೆ ತುಸು ಶಾಂತವಾದಾಗ ಸಿಗಡಿಯೂ ಮೀನೂ ದಡದ ಸಮೀಪಕ್ಕೆ ಬರುವವು. ಅಂಥ ಒಂದೆರಡು ದಿನಗಳ ಆದಾಯದಿಂದ ತಿಂಗಳ ಖರ್ಚು ಸಾಗಬೇಕು. ತೆರೆಯನ್ನು ದಾಟುವಾಗ ದೋಣಿ ಮಗುಚಿ ಜೀವ ಹೋದದ್ದೂ ಉಂಟು. ಇಂಥ ಬೆಳಗಿನಲ್ಲಿ ಕಡಲಕರೆಯ ಹುಡುಗಿಯೊಬ್ಬಳು ತರಗತಿಯಲ್ಲಿ ಕಿಟಿಕಿಯ ಹೊರಗೇ ನೋಡುತ್ತಾ ಕುಳಿತರೆ, ಅದು ಅಲಕ್ಷ್ಯವಲ್ಲವೆಂದು ನಮಗೆ ಗೊತ್ತು. ಅವಳ ಕಿವಿಯು ಗಾಳಿಯಲ್ಲಿರುತ್ತದೆ. ಈ ತಿಂಗಳುಗಳಲ್ಲಿ ಶುಲ್ಕವು ತಡವಾದರೆ ಕಾರಣವನ್ನು ಕೇಳಬೇಕಾದ ಅಗತ್ಯವೂ ಇಲ್ಲ.

ಆಟಿಯು ಜುಲಾಯಿ ನಡುವಿನಿಂದ ಆಗಸ್ಟ್ ನಡುವಿನ ತನಕ. ನೇಜಿ ನೆಟ್ಟು ಮುಗಿದಿರುತ್ತದೆ, ಹೊಸ ಅಕ್ಕಿ ಬಂದಿರುವದಿಲ್ಲ, ಕಣಜದ ತಳ ಕಾಣುತ್ತದೆ. ಆದಕಾರಣ ಬೇಸಗೆಯಲ್ಲಿಯೇ ಗೃಹಿಣಿಯು ಹಲಸಿನ ಸೊಳೆಯನ್ನೂ ಮಾವಿನಕಾಯಿಯನ್ನೂ ಉಪ್ಪಿನಲ್ಲಿ ಹಾಕಿ, ಮೀನನ್ನು ಒಣಗಿಸಿ, ಹಲಸಿನ ಬೀಜವನ್ನು ಕೂಡಿಡುತ್ತಿದ್ದಳು. ಮಳೆ ಬಂದ ಮೇಲೆ ತಗತೆ ಸೊಪ್ಪು, ಕೆಸುವಿನೆಲೆಯ ಪತ್ರೊಡೆ, ಕಣಿಲೆ. ಆಟಿ ಅಮಾವಾಸ್ಯೆಯ ಬೆಳಿಗ್ಗೆ ಹಾಲೆ ಮರದ ಕೆತ್ತೆಯ ಕಷಾಯವನ್ನು ಕುಡಿಯುವದು ರೂಢಿ. ಗುರುತು ಬಲ್ಲವರು ತಂದ ಕೆತ್ತೆಯನ್ನೇ ಉಪಯೋಗಿಸಬೇಕು. ಕಾಸರಕದಂಥ ವಿಷದ ಮರದ ಕೆತ್ತೆಯು ಬೆರೆತರೆ ಪ್ರಾಣಕ್ಕೆ ಅಪಾಯ. ಇಂದು ಆಟಿಯ ತಿಂಡಿಗಳನ್ನು ಸಭೆಗಳಲ್ಲಿ ಸಾಲಾಗಿ ಇಟ್ಟು ತೋರಿಸುತ್ತಾರೆ. ಸಂತೋಷವೇ. ಆದರೆ ಅವು ಹಸಿವಿನಿಂದ ಹುಟ್ಟಿದ ಜಾಣತನವೆಂಬದನ್ನು ಮಕ್ಕಳಿಗೆ ಹೇಳದಿದ್ದರೆ ಅರ್ಧವನ್ನೇ ಬಡಿಸಿದಂತಾಯಿತು.

ಇನ್ನು ಹೊಯಿಗೆಯ ವಿಷಯ. ರಜೆಯಲ್ಲಿ ಕಂಡ ಅಗಲವಾದ ಕಡಲಕರೆಯು ಸ್ಥಿರವಾದ ನೆಲವಲ್ಲ. ಮಳೆಗಾಲದ ತೆರೆಗಳು ಕಡಿದಾಗಿ ಎತ್ತರವಾಗಿ ಬಂದು, ದಡದ ಹೊಯಿಗೆಯನ್ನು ಕೊರೆದು ಕಡಲಿನೊಳಕ್ಕೆ ಒಯ್ದು ನೀರಿನಡಿಯ ದಿಣ್ಣೆಯಾಗಿ ಇಡುತ್ತವೆ. ಮಳೆ ಕಳೆದ ಮೇಲೆ ಮೆಲ್ಲನೆ ಬರುವ ಉದ್ದ ತೆರೆಗಳು ಅದೇ ಹೊಯಿಗೆಯನ್ನು ಸ್ವಲ್ಪ ಸ್ವಲ್ಪವಾಗಿ ಹಿಂದಕ್ಕೆ ತರುತ್ತವೆ. ಹೀಗೆ ಆಗಸ್ಟಿನಲ್ಲಿ ಕಿರಿದಾದ ದಡವು ಬೇಸಗೆಗೆ ಪುನಃ ಅಗಲವಾಗುವದು. ಹೋದದ್ದೆಲ್ಲ ಹಿಂದಿರುಗದ ವರುಷಗಳೂ ಉಂಟು. ತೆಂಕ ಎರ್ಮಾಳು, ಪಡುಬಿದ್ರಿ, ಮೂಳೂರುಗಳಲ್ಲಿ ಅನೇಕ ಮಳೆಗಾಲಗಳಲ್ಲಿ ತೆಂಗಿನಮರಗಳು ಬುಡ ಸಹಿತ ಕಡಲಿಗೆ ಬಿದ್ದಿವೆ. ಕಲ್ಲಿನ ತಡೆಗೋಡೆಯು ಅದರ ಹಿಂದಿನ ಮನೆಯನ್ನು ಕೆಲವು ಕಾಲ ಕಾಯಬಹುದು; ಆದರೆ ಗೋಡೆಯ ಮುಂದಿನ ಹೊಯಿಗೆಯೂ, ಗೋಡೆ ಮುಗಿಯುವಲ್ಲಿ ನೆರೆಯವರ ಹೊಯಿಗೆಯೂ ಕೆಲವೆಡೆ ಹೆಚ್ಚಾಗಿ ಕೊರೆದುಹೋಗುವದು. ಕಡಲಕರೆಯು ಉಸಿರಾಡುವ ನೆಲ. ಅದಕ್ಕೆ ಹಿಂದಕ್ಕೂ ಮುಂದಕ್ಕೂ ಸರಿಯಲು ಸ್ಥಳ ಬೇಕು. ಹಿರಿಯರು ಮನೆಯನ್ನು ತೆಂಗಿನ ತೋಟದ ಹಿಂದೆ ಕಟ್ಟಿ, ಮುಂದೆ ದೋಣಿಯ ಕೊಟ್ಟಿಗೆಯನ್ನು ಮಾತ್ರ ಇಟ್ಟದ್ದು ಈ ತಿಳುವಳಿಕೆಯಿಂದಲೇ.

ಆ ಪೂರ್ವ ವಿದ್ಯಾರ್ಥಿನಿಯು ತಾಯಿಯ ಮಾತಿನಂತೆ ಜುಲಾಯಿಯ ಕಡೆಯ ವಾರದಲ್ಲಿ ಬಂದಳು. ನೂರು ಹೆಜ್ಜೆ ಇದ್ದಲ್ಲಿ ಇಪ್ಪತ್ತು ಹೆಜ್ಜೆಯೂ ಇರಲಿಲ್ಲ. ಹಿತ್ತಿಲಿನ ಪಡುವಣ ಮೂಲೆಯ ಗುರುತಿನ ಕಲ್ಲು ಕಾಣಲಿಲ್ಲ. ಅವಳು ಹಿತ್ತಿಲನ್ನು ಕೊಳ್ಳಲಿಲ್ಲ. ಅದರ ಹಣದಲ್ಲಿ ಸ್ವಲ್ಪವನ್ನು ತೆಗೆದು ತಾಯಿಯ ಮನೆಯ ಮಾಡನ್ನು ಸರಿಮಾಡಿಸಿದಳು; ಯಾಕಂದರೆ ಅದು ಸೋರುತ್ತಿತ್ತೆಂಬದು ಬೇಸಗೆಯಲ್ಲಿ ಬರುತ್ತಿದ್ದ ಅವಳಿಗೆ ಅಷ್ಟು ವರುಷ ತಿಳಿದೇ ಇರಲಿಲ್ಲ. ತಾಯಿಯೂ ಹೇಳಿರಲಿಲ್ಲ. ಮದುವೆಯಾದ ಮೇಲೆ ಮಳೆಗಾಲದಲ್ಲಿ ತಾಯಿಯೊಡನೆ ಒಂದು ವಾರ ಕಳೆದದ್ದು ಅದೇ ಮೊದಲೆಂದು ಅವಳು ನಮ್ಮೊಡನೆ ಹೇಳುವಾಗ ಅವಳ ಕಣ್ಣು ತುಂಬಿತ್ತು.

ಸೋಣ ತಿಂಗಳಿಂದ ಬಾಗಿಲು ಮತ್ತೆ ಸಡಿಲಾಗುವದು. ನೂಲ ಹುಣ್ಣಿಮೆಯಂದು ಮೊಗವೀರರು ಕಡಲಿಗೆ ಹಾಲನ್ನೂ ತೆಂಗಿನಕಾಯಿಯನ್ನೂ ಅರ್ಪಿಸುತ್ತಾರೆ. ಸೆಪ್ಟಂಬರ್ ೮ರಂದು ಕಥೋಲಿಕರ ಮೊಂತಿ ಹಬ್ಬ. ಮಕ್ಕಳು ಹೂವುಗಳನ್ನು ತರುವರು, ಮನೆಯವರೆಲ್ಲ ಹೊಸ ತೆನೆಯ ಅಕ್ಕಿಯ ಊಟವನ್ನು ಕೂಡಿ ಮಾಡುವರು. ನೆರೆಯ ಹಿಂದೂ ಮನೆಗಳಲ್ಲಿಯೂ ಹೊಸ ಅಕ್ಕಿಯ ಊಟ. ಮಟ್ಟುವಿನಲ್ಲಿ ಗುಳ್ಳ ಬದನೆಯ ಗಿಡಗಳನ್ನು ನೆಡುತ್ತಾರೆ. ೨೦೧೧ರಲ್ಲಿ ಭೌಗೋಳಿಕ ಗುರುತು ಪಡೆದ ಬೆಳೆ ಅದು. ಉಚ್ಚಿಲದ ಮಹಾಲಕ್ಷ್ಮೀ ದೇವಸ್ಥಾನದಲ್ಲಿ ೨೦೨೨ರಿಂದ ದಸರೆಯು ವಿಜೃಂಭಣೆಯಿಂದ ನಡೆಯುತ್ತಿದೆ. ಹೊಯಿಗೆಯು ದಡಕ್ಕೆ ಬರುತ್ತದೆ, ಬೂತಾಯಿ ಬರುತ್ತದೆ, ಚಳಿ ಬರುತ್ತದೆ, ಎರ್ಮಾಳಿನ ಜಾತ್ರೆ ಬರುತ್ತದೆ.

ಈ ವರುಷದ ಚಕ್ರದೊಳಕ್ಕೆ ಈಗ ಪ್ರವಾಸಿಗಳ ಕಾಲವೂ ಸೇರಿಕೊಂಡಿದೆ. ೧೯೯೮ರಲ್ಲಿ ಕೊಂಕಣ ರೈಲುಮಾರ್ಗವು ಪೂರ್ಣವಾದ ಮೇಲೆ ಮುಂಬಯಿಯು ಹತ್ತಿರವಾಯಿತು. ೧೯೦೧ರಲ್ಲಿ ಕಟ್ಟಿದ ಕಾಪು ದೀಪಸ್ತಂಭದ ಬುಡದಲ್ಲಿ ಸಾಯಂಕಾಲ ಜನಸಂದಣಿ. ಪಡುಬಿದ್ರಿಯ ಕಡಲತೀರಕ್ಕೆ ೨೦೨೦ರ ಅಕ್ಟೋಬರದಲ್ಲಿ ಬ್ಲೂ ಫ್ಲ್ಯಾಗ್ ಎಂಬ ಅಂತರರಾಷ್ಟ್ರೀಯ ಮನ್ನಣೆ ಸಿಕ್ಕಿತು. ಇದರಿಂದ ಶುಚಿತ್ವವೂ ಜಾಗ್ರತೆಯೂ ಹೆಚ್ಚಿದ್ದು ಒಳ್ಳೆಯದೇ. ಊರಿನ ಎಷ್ಟೋ ಯುವಕ ಯುವತಿಯರಿಗೆ ಕೆಲಸವೂ ದೊರಕಿತು. ಪ್ರವಾಸಿಗಳು ಬರಬಾರದೆಂದು ನಾವು ಹೇಳುವದಿಲ್ಲ. ಬೇಸಗೆಯನ್ನೇ ವರುಷವೆಂದು ತಿಳಿದು ಮನೆ ಕಟ್ಟುವದೂ ಮಕ್ಕಳನ್ನು ನೀರಿಗೆ ಬಿಡುವದೂ ಹಾನಿಕರವೆಂದು ಮಾತ್ರ ಹೇಳುತ್ತೇವೆ.

ಆದಕಾರಣ ಪೋಷಕರಲ್ಲಿಯೂ ಪೂರ್ವ ವಿದ್ಯಾರ್ಥಿನಿಯರಲ್ಲಿಯೂ ನಮ್ಮ ಬಿನ್ನಹಗಳು ಕೆಲವು. ಜೂನಿನಿಂದ ಸೆಪ್ಟಂಬರದ ತನಕ ಮಕ್ಕಳನ್ನು ಕಡಲಿಗೆ ಇಳಿಸಬೇಡಿರಿ. ಮೊಣಕಾಲುದ್ದ ನೀರಿನಲ್ಲಿ ಸಹ ಹಿಂದಕ್ಕೆ ಹರಿಯುವ ಸೆಳೆತವು ಈಜಬಲ್ಲವರನ್ನೂ ಎಳೆದೊಯ್ಯುವದು. ಕಡಲಕರೆಯಲ್ಲಿ ಭೂಮಿಯನ್ನು ಕೊಳ್ಳುವ ಮೊದಲು ಒಂದು ಮಳೆಗಾಲವನ್ನು ಅಲ್ಲಿ ನೋಡಿರಿ, ನೆರೆಮನೆಯ ಮುದುಕರನ್ನು ಕೇಳಿರಿ, ಕರಾವಳಿ ನಿಯಂತ್ರಣ ವಲಯದ ನಿಯಮಗಳನ್ನು ವಿಚಾರಿಸಿರಿ. ೧೯೯೧ರಲ್ಲಿ ಮೊದಲು ಬಂದ ಈ ನಿಯಮಗಳು ೨೦೧೧ರಲ್ಲಿಯೂ ೨೦೧೯ರಲ್ಲಿಯೂ ಹೊಸದಾಗಿ ಪ್ರಕಟವಾದವು. ಗ್ರಾಮಗಳಲ್ಲಿ ಭರತದ ಗೆರೆಯಿಂದ ೨೦೦ ಮೀಟರಿನೊಳಗೆ ಹೊಸ ಕಟ್ಟಡಗಳಿಗೆ ತಡೆಯೆಂಬದು ಸಾಮಾನ್ಯ ಕ್ರಮ. ಜನರು ದಟ್ಟವಾಗಿರುವ ಗ್ರಾಮಗಳಿಗೆ ೨೦೧೯ರ ನಿಯಮವು ಇದನ್ನು ೫೦ ಮೀಟರಿಗೆ ಇಳಿಸಿತು. ಕಾಗದದ ಮೇಲೆ ಗೆರೆಯು ಇಳಿದ ಮಾತ್ರಕ್ಕೆ ಕಡಲು ಹಿಂದೆ ಸರಿಯದು ಎಂಬದನ್ನು ನೆನಪಿನಲ್ಲಿಡಿರಿ.

ಕಡೆಯದಾಗಿ, ಕೂಡಿದರೆ ಒಮ್ಮೆ ಆಟಿಯಲ್ಲಿ ಬನ್ನಿರಿ. ಒಂದು ವಾರ ಸಾಕು. ನಿಮ್ಮ ಮಕ್ಕಳು ಒಲೆಯ ಬಳಿ ಅಜ್ಜಿಯ ಪಕ್ಕದಲ್ಲಿ ಕೂತು, ಮಾಡಿನ ಮೇಲೆ ಮಳೆಯ ಸದ್ದನ್ನೂ ದೂರದಲ್ಲಿ ಕಡಲಿನ ಮೊರೆತವನ್ನೂ ಕೇಳಲಿ. ಹನ್ನೆರಡು ತಿಂಗಳುಗಳ ತುಳು ಹೆಸರುಗಳನ್ನು ಅವರು ಅಜ್ಜಿಯ ಬಾಯಿಂದಲೇ ಕಲಿತು ಬರಕೊಳ್ಳಲಿ. ಜಾತ್ರೆಗಳು ಮುಚ್ಚಿದ ಕಾಲದಲ್ಲಿಯೂ ನಿಮ್ಮ ತವರಿನ ಬಾಗಿಲು ತೆರೆದೇ ಇರುವದು. ಶಾಲೆಯೂ ಆಗ ನಡೆಯುತ್ತಿರುವದರಿಂದ ನಾವೂ ಇಲ್ಲಿಯೇ ಇರುವೆವು.